ಸ್ತನಾರ್ಬುದದ ಚಿಕಿತ್ಸೆಯೂ ವೈದ್ಯರ ದುಡಿಮೆಯೂ

ವೈದ್ಯಶಾಸ್ತ್ರದ ಚರಿತ್ರೆಗೆ ಸಾಹಿತ್ಯದ ಮಾಸಪತ್ರಿಕೆಯಲ್ಲಿ ಸ್ಥಳವೆಲ್ಲಿಯದೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಾನು ಹೇಳಹೊರಟಿರುವ ವೃತ್ತಾಂತದಲ್ಲಿ ಮೊದಲು ಮಾತನಾಡುವವಳು ಒಬ್ಬ ಕಾದಂಬರಿಕಾರ್ತಿ. ನಡುವೆ ಬರುವ ಶಸ್ತ್ರವೈದ್ಯರೊಬ್ಬರು ಬ್ಲೇಕ್ ಕವಿಯ ಗ್ರಂಥಗಳ ಸಂಶೋಧನೆಯಲ್ಲಿ ಅರ್ಧ ಆಯುಷ್ಯವನ್ನು ಕಳೆದವರು. ಆದುದರಿಂದ ಪತ್ರಿಕೆಯ ಮರ್ಯಾದೆಗೆ ಭಂಗ ಬಾರದೆಂದು ನಂಬಿದ್ದೇನೆ. ಮತ್ತೊಂದು ಕಾರಣವೂ ಉಂಟು. ಈ ರೋಗದ ಹೆಸರನ್ನು ನಮ್ಮ ಮನೆಗಳಲ್ಲಿ ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ. ಗಂಡಸರಿದ್ದ ಕಡೆ ಹೇಳುವುದೇ ಇಲ್ಲ. ಹೇಳದೆ ಕಳೆದ ತಿಂಗಳುಗಳಿಗೆ ತೆರಬೇಕಾಗುವ ಬೆಲೆಯನ್ನು ಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ.

ರೋಗವು ಹೊಸದಲ್ಲ. ಎಡ್ವಿನ್ ಸ್ಮಿತ್ ಎಂಬವನ ಹೆಸರಿನಿಂದ ಪ್ರಸಿದ್ಧವಾಗಿರುವ ಈಜಿಪ್ಟಿನ ಸುರುಳಿಯೊಂದರಲ್ಲಿ, ಕ್ರಿಸ್ತಪೂರ್ವ 1600ರ ಸುಮಾರಿನ ಪ್ರತಿಯದು, ಎದೆಯ ಮೇಲೆ ಉಬ್ಬಿಬರುವ ಗಂಟುಗಳನ್ನು ವರ್ಣಿಸಿ, ಇದಕ್ಕೆ ಚಿಕಿತ್ಸೆಯಿಲ್ಲವೆಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ನಮ್ಮ ಸುಶ್ರುತ ಸಂಹಿತೆಯು ಅರ್ಬುದಗಳನ್ನು ಆರು ಬಗೆಯಾಗಿ ವಿಂಗಡಿಸಿ, ಅವು ಬಾವಿನಂತೆ ಪಕ್ವವಾಗಿ ಒಡೆಯುವುದಿಲ್ಲವೆಂಬ ಸೂಕ್ಷ್ಮವನ್ನು ಗುರುತಿಸಿತು. ಒಂದರ ಮೇಲೊಂದು ಹುಟ್ಟುವ ಅರ್ಬುದವು ಅಸಾಧ್ಯವೆಂದೂ ಹೇಳಿತು. ಗ್ರೀಕರು ಇದನ್ನು ಏಡಿಗೆ ಹೋಲಿಸಿದರು. ಕ್ಯಾನ್ಸರ್ ಎಂದು ನಾವು ಈಗ ಹೇಳುವ ಶಬ್ದದ ಮೂಲಾರ್ಥವೂ ಏಡಿಯೇ. ಕಪ್ಪು ಪಿತ್ತವು ಒಂದೆಡೆ ನಿಂತು ಹೆಪ್ಪುಗಟ್ಟಿ ಈ ರೋಗವಾಗುವುದೆಂದು ಗೇಲನ್ ಹೇಳಿದುದನ್ನು ಯೂರೋಪಿನವರು ಸಾವಿರ ವರ್ಷಕ್ಕೂ ಮಿಗಿಲಾಗಿ ನಂಬಿಕೊಂಡಿದ್ದರು. ಹೀಗೆ ಬಹುಕಾಲ ವೈದ್ಯನಿಗೆ ಇಲ್ಲಿ ಮಾಡುವ ಕೆಲಸವೇ ಹೆಚ್ಚಾಗಿರಲಿಲ್ಲ.

ಇನ್ನು ಕಾದಂಬರಿಕಾರ್ತಿಯ ಮಾತು. ಫ್ಯಾನಿ ಬರ್ನಿ ಎಂಬಾಕೆ 1778ರಲ್ಲಿ ‘ಎವೆಲಿನಾ’ ಎಂಬ ಕಾದಂಬರಿಯನ್ನು ಬರೆದು ಇಂಗ್ಲೆಂಡಿನಲ್ಲಿ ಕೀರ್ತಿವಂತಳಾದಳು. ಫ್ರೆಂಚ್ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ ಪ್ಯಾರಿಸ್ಸಿನಲ್ಲಿ ವಾಸವಾಗಿದ್ದಳು. ಆಕೆಯ ಬಲ ಸ್ತನದಲ್ಲಿ ನೋವಿನ ಗಂಟೊಂದು ಕಾಣಿಸಿಕೊಂಡಿತು. ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯನಾದ ಲಾರೆಯು ಪರೀಕ್ಷಿಸಿ, ಕತ್ತರಿಸದೆ ಗತಿಯಿಲ್ಲವೆಂದನು. ದಿನವನ್ನು ಮುಂಚಿತವಾಗಿ ತಿಳಿಸಲಿಲ್ಲ. 1811ನೆಯ ಸೆಪ್ಟೆಂಬರ್ 30ರ ಬೆಳಗ್ಗೆ, ಕೆಲವೇ ಗಂಟೆಗಳಿರುವಾಗ, ಪತ್ರ ಬಂದಿತು. ಆಕೆ ಏನೋ ಕೆಲಸದ ನೆಪದಿಂದ ಗಂಡನನ್ನು ಮನೆಯಿಂದ ದೂರವಿರುವಂತೆ ಏರ್ಪಡಿಸಿದಳು. ಕಪ್ಪು ಬಟ್ಟೆಯ ಏಳು ಜನ ಗಂಡಸರು ಕೋಣೆಯೊಳಗೆ ಬಂದರು. ಕುಡಿಯಲು ಕೊಟ್ಟುದು ಒಂದಿಷ್ಟು ಮದ್ಯ. ಮುಖದ ಮೇಲೆ ಹೊದಿಸಿದುದು ತೆಳುವಾದ ಕರವಸ್ತ್ರ. ಆ ವಸ್ತ್ರದ ಮೂಲಕ ಉಕ್ಕಿನ ಹೊಳಪು ಕಾಣುತ್ತಿದ್ದುದನ್ನು ಆಕೆ ಮುಂದೆ ಬರೆದಿದ್ದಾಳೆ. ಸುಮಾರು ಇಪ್ಪತ್ತು ನಿಮಿಷ ಕತ್ತಿ ಆಡಿತು, ಆಕೆಗೆ ಎಚ್ಚರವಿದ್ದಿತು.

ಇದನ್ನೆಲ್ಲ ತನ್ನ ಅಕ್ಕ ಎಸ್ತರಳಿಗೆ ಒಂದು ದೀರ್ಘವಾದ ಓಲೆಯಲ್ಲಿ ಬರೆದು ಮುಗಿಸಲು ಆಕೆಗೆ ತಿಂಗಳುಗಳೇ ಹಿಡಿದವು. ಬರೆದುದನ್ನು ಮರಳಿ ಓದುವ ಧೈರ್ಯವಾಗಲಿಲ್ಲವಂತೆ. ಆ ಓಲೆಯಲ್ಲಿ ನನ್ನ ಮನಸ್ಸನ್ನು ಸೆಳೆದುದು ಕೊನೆಯ ಭಾಗ. ಕರವಸ್ತ್ರವನ್ನು ತೆಗೆದಾಗ ಆಕೆ ಲಾರೆಯನ್ನು ನೋಡಿದಳು: ಅವನ ಮುಖ ಅವಳದರಂತೆಯೇ ಬಿಳಿಚಿತ್ತು, ರಕ್ತದ ಕಲೆಗಳಿದ್ದುವು, ದುಃಖವೂ ಭಯವೂ ಅದರಲ್ಲಿ ತುಂಬಿದ್ದುವು. ರಣರಂಗದಲ್ಲಿ ನೂರಾರು ಸಿಪಾಯಿಗಳ ಕೈಕಾಲುಗಳನ್ನು ಕತ್ತರಿಸಿದ ವೈದ್ಯನವನು. ರೋಗಿಯ ಲೇಖನಿಯಿಂದ ವೈದ್ಯನ ಆಯಾಸವು ಚಿತ್ರಿತವಾದ ಅಪೂರ್ವ ಸ್ಥಳಗಳಲ್ಲಿ ಇದೊಂದು. ಬರ್ನಿಯು ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ ಬದುಕಿ, 1840ರಲ್ಲಿ, ತನ್ನ 87ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಗಿದ್ದುದು ನಿಜವಾಗಿ ಅರ್ಬುದವೇ ಎಂದು ಈಗಿನ ವೈದ್ಯರಲ್ಲಿ ಕೆಲವರು ಸಂಶಯಪಡುವುದುಂಟು.

ಆ ಹೊತ್ತಿಗಾಗಲೇ ಜಪಾನಿನಲ್ಲಿ ಹನವೋಕ ಸೈಷು ಎಂಬ ವೈದ್ಯನು ಗಿಡಮೂಲಿಕೆಗಳಿಂದ ಮೈಮರೆಸುವ ಕಷಾಯವನ್ನು ಸಿದ್ಧಪಡಿಸಿ, 1804ರಲ್ಲಿ ಅರುವತ್ತು ವರ್ಷದ ಹೆಂಗಸೊಬ್ಬಳ ಸ್ತನದ ಗಡ್ಡೆಯನ್ನು ಆಕೆಗೆ ಅರಿವಿಲ್ಲದಂತೆ ತೆಗೆದಿದ್ದನು. ಔಷಧವನ್ನು ಮೊದಲು ತಮ್ಮ ಮೇಲೆ ಪ್ರಯೋಗಿಸಲು ಅವನ ಹೆಂಡತಿಯೂ ತಾಯಿಯೂ ಮುಂದೆ ಬಂದರೆಂದೂ, ಹೆಂಡತಿಯು ಅದರಿಂದ ಕಣ್ಣು ಕಳೆದುಕೊಂಡಳೆಂದೂ ಪ್ರತೀತಿಯಿದೆ. ಜಪಾನು ಆಗ ಹೊರಲೋಕಕ್ಕೆ ಬಾಗಿಲು ಮುಚ್ಚಿಕೊಂಡಿದ್ದುದರಿಂದ ಈ ವಿದ್ಯೆ ಪ್ಯಾರಿಸ್ಸನ್ನು ಮುಟ್ಟಲಿಲ್ಲ. ಪಶ್ಚಿಮದಲ್ಲಿ ಈಥರಿನ ಉಪಯೋಗವು ಬಹಿರಂಗವಾದುದು 1846ರಲ್ಲಿ, ಬೋಸ್ಟನ್ನಿನಲ್ಲಿ. ಗಾಯವು ಕೊಳೆಯದಂತೆ ಕಾರ್ಬಾಲಿಕ್ ಆಮ್ಲವನ್ನು ಬಳಸುವ ಕ್ರಮವನ್ನು ಲಿಸ್ಟರನು ಪ್ರಕಟಿಸಿದುದು 1867ರಲ್ಲಿ. ಇವೆರಡೂ ಕೈಗೆ ಬಂದ ಮೇಲೆ ಶಸ್ತ್ರವೈದ್ಯನಿಗೆ ಅವಸರಪಡುವ ಕಾರಣವು ಉಳಿಯಲಿಲ್ಲ. ಎಷ್ಟು ಆಳಕ್ಕೆ ಬೇಕಾದರೂ ಹೋಗಬಹುದಾಯಿತು.

ಹೋದವರಲ್ಲಿ ಅಗ್ರಗಣ್ಯನು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಇವನು ಸ್ತನವನ್ನೂ, ಅದರ ಕೆಳಗಿನ ಎದೆಯ ಮಾಂಸಖಂಡಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಂದೇ ತುಂಡಾಗಿ ಕಿತ್ತುತೆಗೆಯುವ ಕ್ರಮವನ್ನು ರೂಢಿಸಿ, 1894ರಲ್ಲಿ ಐವತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಕತ್ತರಿಸಿದ ಸ್ಥಳದಲ್ಲಿಯೇ ರೋಗವು ಮರಳಿದುದು ಮೂವರಲ್ಲಿ ಮಾತ್ರ. ಅಂದಿನ ಯೂರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಮರಳುತ್ತಿದ್ದಿತು. ಅವನ ತರ್ಕವು ಸರಳವಾದುದು: ಅರ್ಬುದವು ಹುಟ್ಟಿದಲ್ಲಿಂದ ಹೊರಹೊರಕ್ಕೆ, ಗ್ರಂಥಿಯಿಂದ ಗ್ರಂಥಿಗೆ, ಹೆಜ್ಜೆಹೆಜ್ಜೆಯಾಗಿ ಹರಡುತ್ತದೆ, ಆದುದರಿಂದ ಅದು ಮುಟ್ಟಿರಬಹುದಾದ ಎಲ್ಲೆಯಾಚೆಗೆ ಒಂದು ಹೆಜ್ಜೆ ಮುಂದಾಗಿ ಕತ್ತರಿಸಿದವನೇ ಗೆದ್ದವನು. ರೋಗಿಯು ಸತ್ತರೆ ಕತ್ತಿಯು ಸಾಕಷ್ಟು ದೂರ ಹೋಗಲಿಲ್ಲವೆಂದೇ ಅರ್ಥ. ಇಂತಹ ವಾದಕ್ಕೆ ಸೋಲೆಂಬುದಿಲ್ಲ.

ಹಾಲ್‌ಸ್ಟೆಡನನ್ನು ಕ್ರೂರನೆಂದು ಚಿತ್ರಿಸುವುದು ಈಗ ಸುಲಭವಾಗಿದೆ, ನಾನು ಒಪ್ಪಲಾರೆ. ಆ ದಿನಗಳಲ್ಲಿ ಹೆಂಗಸರು ಗಡ್ಡೆಯು ಹುಣ್ಣಾಗಿ ನಾರುವವರೆಗೆ ತಡೆದು ಬರುತ್ತಿದ್ದರು. ಆ ಹುಣ್ಣು ಮರಳದಂತೆ ಮಾಡಿದುದೇ ದೊಡ್ಡ ಉಪಕಾರ. ಅವನು ಕತ್ತಿಯನ್ನು ತಾಳ್ಮೆಯಿಂದಲೂ ಶುಚಿಯಾಗಿಯೂ ಬಳಸಿದವನು. ರಬ್ಬರಿನ ಕೈಚೀಲವನ್ನು ಶಸ್ತ್ರಗೃಹಕ್ಕೆ ತಂದವರಲ್ಲಿ ಮೊದಲಿಗನು. ತಪ್ಪಾದುದು ಅವನ ಶಿಷ್ಯಪರಂಪರೆಯಲ್ಲಿ. ಗುರುವಿನ ಊಹೆಯು ಶಿಷ್ಯರಲ್ಲಿ ಶ್ರುತಿವಾಕ್ಯವಾಯಿತು. ಗೆಣ್ಣು ಗಾತ್ರದ ಗಂಟಿಗೂ ಅದೇ ಶಸ್ತ್ರಕ್ರಿಯೆ. ಎದೆ ಕುಳಿಬಿದ್ದು ಪಕ್ಕೆಲುಬು ಎಣಿಸುವಂತಾಗುತ್ತಿದ್ದಿತು. ತೋಳು ಊದಿ, ಕೊಡವನ್ನೆತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದಿತು. ಮುಕ್ಕಾಲು ಶತಮಾನ ಕಾಲ ಲಕ್ಷಾಂತರ ಸ್ತ್ರೀಯರು ಇದನ್ನು ಅನುಭವಿಸಿದರು. ವೈದ್ಯರ ದುಡಿಮೆಯ ದೃಷ್ಟಿಯಿಂದ ನೋಡಿದರೆ ಮಾತ್ರ ಇದು ಸುಲಭದ ವ್ಯವಸ್ಥೆ: ಒಬ್ಬ ಶಸ್ತ್ರವೈದ್ಯ, ಒಂದು ದಿನ, ಕೆಲವು ಗಂಟೆಗಳು. ಆಮೇಲಿನದು ದೈವಾಧೀನ.

ಬೇರೆ ದಾರಿಯ ಸುಳಿವುಗಳು ಆಗಲೇ ತೋರಿದ್ದವು. ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಎಂಬವನು ಅಂಡಾಶಯಗಳನ್ನು ತೆಗೆದರೆ ಸ್ತನದ ಅರ್ಬುದವು ಕುಗ್ಗುವುದುಂಟೆಂದು 1896ರಲ್ಲಿ ಪ್ರಕಟಿಸಿದನು. ದೇಹದ ರಸಗಳಿಗೂ ಈ ರೋಗಕ್ಕೂ ನಂಟಿದೆಯೆಂಬುದಕ್ಕೆ ಅದೇ ಮೊದಲ ಸಾಕ್ಷ್ಯ. ಹಿಂದಿನ ವರ್ಷವಷ್ಟೇ ರಂಟ್‌ಜನ್ ತನ್ನ ಕಿರಣಗಳನ್ನು ಕಂಡುಹಿಡಿದಿದ್ದನು. 1898ರಲ್ಲಿ ಕ್ಯೂರಿ ದಂಪತಿಗಳಿಂದ ರೇಡಿಯಮ್ಮೂ ಬಂದಿತು.

ರೇಡಿಯಮ್ಮನ್ನು ಸೂಜಿಗಳಲ್ಲಿ ತುಂಬಿ ಸ್ತನದೊಳಗೇ ನೆಟ್ಟು ನೋಡಿದವರು ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆಯ ಜೆಫ್ರಿ ಕೀನ್ಸ್. ಅರ್ಥಶಾಸ್ತ್ರಜ್ಞರಾದ ಮೇನಾರ್ಡ್ ಕೀನ್ಸರ ತಮ್ಮ. ಚಾರ್ಲ್ಸ್ ಡಾರ್ವಿನ್ನನ ಮೊಮ್ಮಗಳ ಪತಿ. ನಾನು ಮೇಲೆ ಸೂಚಿಸಿದ ಬ್ಲೇಕ್ ಪಂಡಿತರು ಇವರೇ. 1921ರಲ್ಲಿ ಬ್ಲೇಕನ ಗ್ರಂಥಸೂಚಿಯನ್ನು ಹೊರತಂದರು. ಮುಂದೆ ಆತನ ಕೃತಿಗಳೆಲ್ಲವನ್ನೂ ಸಂಪಾದಿಸಿದರು. ಮರುವರ್ಷ ರಕ್ತದಾನದ ಮೇಲೊಂದು ಗ್ರಂಥವನ್ನು ಬರೆದರು. ಆಸ್ಪತ್ರೆಯಲ್ಲಿ ರೇಡಿಯಮ್ಮಿನ ಕೆಲಸವನ್ನು ಆರಂಭಿಸಿದುದೂ ಅದೇ ಕಾಲದಲ್ಲಿಯೇ. ಮೊದಲು ಶಸ್ತ್ರಕ್ರಿಯೆಗೆ ನಿಲುಕದವರಲ್ಲಿ ಪ್ರಯೋಗಿಸಿ, ಗಡ್ಡೆಗಳು ಕರಗುವುದನ್ನು ಕಂಡು, ಮೆಲ್ಲನೆ ಇತರರಿಗೂ ವಿಸ್ತರಿಸಿದರು. ಗಡ್ಡೆಯನ್ನಷ್ಟೇ ತೆಗೆದು ಅಥವಾ ತೆಗೆಯದೆಯೇ ಸೂಜಿಗಳನ್ನಿಟ್ಟು ಸ್ತನವನ್ನು ಉಳಿಸಿದರೂ, ಹಾಲ್‌ಸ್ಟೆಡನ ಕ್ರಮಕ್ಕೆ ಸಮನಾದ ಫಲ ದೊರೆಯುವುದೆಂದು 1937ರಲ್ಲಿ ಲೆಕ್ಕ ತೋರಿಸಿದರು. ಶಸ್ತ್ರವೈದ್ಯರ ಮಂಡಲಿಗಳಲ್ಲಿ ಇದಕ್ಕೆ ದೊರೆತ ಸ್ವಾಗತವು ಬಹಳ ತಣ್ಣಗಿನದು. ಎರಡನೆಯ ಮಹಾಯುದ್ಧವು ಬಂದು ಕೆಲಸವೇ ನಿಂತುಹೋಯಿತು.

ಕೀನ್ಸರ ವಿಷಯದಲ್ಲಿ ಒಂದು ಸಂತೋಷವುಂಟು: ಅವರು ದೀರ್ಘಾಯುಗಳು. 1887ರಲ್ಲಿ ಹುಟ್ಟಿದವರು 1982ರವರೆಗೆ ಬದುಕಿದರು. ಇಟಲಿಯ ಮಿಲಾನ್ ನಗರದ ಉಂಬರ್ಟೊ ವೆರೊನೇಸಿಯವರು 701 ಸ್ತ್ರೀಯರನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಹಾಲ್‌ಸ್ಟೆಡನ ಕ್ರಮವನ್ನೂ, ಇನ್ನೊಂದಕ್ಕೆ ಸ್ತನದ ಒಂದು ಪಾಲು ಮತ್ತು ಕಂಕುಳಿನ ಗ್ರಂಥಿಗಳನ್ನು ತೆಗೆದು ಕಿರಣಚಿಕಿತ್ಸೆಯನ್ನೂ ನಡೆಸಿ, ಆಯುಷ್ಯದಲ್ಲಿ ಭೇದವಿಲ್ಲವೆಂದು 1981ರಲ್ಲಿ ಪ್ರಕಟಿಸಿದಾಗ ಕೀನ್ಸರಿಗೆ 94 ವರ್ಷ. ಬ್ಲೇಕನಿಗೆ ಆ ಭಾಗ್ಯ ದೊರೆಯಲಿಲ್ಲ.

ಅಮೆರಿಕದಲ್ಲಿ ಅದೇ ಹೋರಾಟವನ್ನು ನಡೆಸಿದವರು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್. ಅರ್ಬುದವು ಗ್ರಂಥಿಗಳಲ್ಲಿ ಶಿಸ್ತಾಗಿ ಸರದಿ ನಿಲ್ಲುವುದಿಲ್ಲ. ಮೊದಲೇ ರಕ್ತದ ಮೂಲಕ ಸಂಚರಿಸಬಲ್ಲುದು. ಆದುದರಿಂದ ಕತ್ತಿಯನ್ನು ಹಿಗ್ಗಿಸಿ ಫಲವಿಲ್ಲವೆಂದು ಇವರ ವಾದ. 1971ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ ದೊಡ್ಡ ಶಸ್ತ್ರಕ್ರಿಯೆಗೂ ಸರಳವಾದುದಕ್ಕೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 1976ರಲ್ಲಿ ಆರಂಭವಾದ ಎರಡನೆಯದರಲ್ಲಿ ಗಡ್ಡೆಯನ್ನು ಮಾತ್ರ ತೆಗೆದರೂ ಅಷ್ಟೇ ಎಂದು 1985ರಲ್ಲಿ ತಿಳಿದುಬಂದಿತು. ಇಪ್ಪತ್ತು ವರ್ಷ ಕಾದು 2002ರಲ್ಲಿ ಮಿಲಾನಿನವರೂ ಪಿಟ್ಸ್‌ಬರ್ಗಿನವರೂ ಮತ್ತೆ ಎಣಿಸಿದಾಗಲೂ ಅದೇ ಉತ್ತರ. ಆದರೆ ಕಿರಣಚಿಕಿತ್ಸೆಯನ್ನು ಬಿಟ್ಟವರಲ್ಲಿ ಅದೇ ಸ್ತನದಲ್ಲಿ ರೋಗವು ಮರಳುವುದು ಬಹಳ ಹೆಚ್ಚಾಗಿತ್ತು. ಈ ‘ಆದರೆ’ಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದಿನ ದುಡಿಮೆಯೆಲ್ಲ ಅದರಿಂದಲೇ ಹೊರಟಿತು.

ಇಲ್ಲಿ ಸ್ತ್ರೀಯರ ಪಾತ್ರವನ್ನು ಮರೆಯಲಾಗದು. 1970ರ ದಶಕದವರೆಗೂ ಅಮೆರಿಕದಲ್ಲಿ ಗಂಟಿನ ಪರೀಕ್ಷೆಯೂ ಸ್ತನವನ್ನು ತೆಗೆಯುವುದೂ ಒಂದೇ ಸಲಕ್ಕೆ ನಡೆಯುತ್ತಿದ್ದವು. ಮೈಮರೆಸಿ, ಚೂರನ್ನು ಕತ್ತರಿಸಿ, ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ, ಅರ್ಬುದವೆಂದಾದರೆ ಎಬ್ಬಿಸದೆಯೇ ಮುಂದುವರಿಸುತ್ತಿದ್ದರು. ತಾನು ಎಚ್ಚರಗೊಳ್ಳುವಾಗ ಏನು ಉಳಿದಿರುವುದೆಂದು ತಿಳಿಯದೆ ಹೆಂಗಸು ಮಲಗಬೇಕಾಗಿತ್ತು. ರೋಸ್ ಕುಷ್ನರ್ ಎಂಬ ಪತ್ರಿಕಾಲೇಖಕಿಯು 1974ರಲ್ಲಿ ತನಗೆ ರೋಗ ಬಂದಾಗ ಇದನ್ನು ಒಪ್ಪದೆ ಹಟ ಹಿಡಿದಳು; ಪುಸ್ತಕ ಬರೆದಳು; ಸಭೆಗಳಲ್ಲಿ ವಾದಿಸಿದಳು. 1979ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಮಿತಿಯಲ್ಲಿ ಆಕೆಗೂ ಸ್ಥಾನವಿತ್ತು. ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ ಎಂದು ಆ ಸಮಿತಿಯು ವಿಧಿಸಿತು. ಬರ್ನಿಯಂತೆ ಎಚ್ಚರವಿದ್ದು ನರಳುವುದು ಒಂದು ಕಷ್ಟ. ಎಚ್ಚರವೇ ಇಲ್ಲದಿರುವಾಗ ತನ್ನ ದೇಹದ ವಿಷಯವನ್ನು ಇತರರು ನಿಶ್ಚಯಿಸುವುದು ಮತ್ತೊಂದು.

ಔಷಧಗಳ ವಿಷಯವನ್ನು ಸಂಗ್ರಹವಾಗಿ ಹೇಳುತ್ತೇನೆ. 1976ರಲ್ಲಿ ಮಿಲಾನಿನ ಬೊನಡೊನ್ನರು ಶಸ್ತ್ರಕ್ರಿಯೆಯ ಬಳಿಕ ಮೂರು ಔಷಧಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೊಟ್ಟರೆ ರೋಗ ಮರಳುವುದು ಕಡಿಮೆಯಾಗುವುದೆಂದು ತೋರಿಸಿದರು. ನಾವು ‘ಕೀಮೋ’ ಎನ್ನುವುದು ಇದನ್ನೇ. ಬೀಟ್ಸನ್ನನ ಸುಳಿವನ್ನು ಹಿಡಿದು ಬಂದುದು ಟಮಾಕ್ಸಿಫೆನ್ ಎಂಬ ಗುಳಿಗೆ: ಇಂಗ್ಲೆಂಡಿನ ಔಷಧ ಕಾರ್ಖಾನೆಯೊಂದರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನತಜ್ಞೆಯು 1962ರಲ್ಲಿ ತಯಾರಿಸಿದುದು; ಗರ್ಭನಿರೋಧಕ್ಕೆಂದು ಹುಡುಕಿದ ವಸ್ತು. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಎಂಬಾಕೆ 1971ರಲ್ಲಿ ಅರ್ಬುದ ರೋಗಿಗಳಲ್ಲಿ ಅದರ ಗುಣವನ್ನು ಪ್ರಕಟಿಸಿದರು. ಐದು ವರ್ಷ, ಕೆಲವರಿಗೆ ಹತ್ತು ವರ್ಷ, ದಿನಕ್ಕೊಂದರಂತೆ ನುಂಗುವ ಈ ಗುಳಿಗೆಯು ಉಳಿಸಿದಷ್ಟು ಜೀವಗಳನ್ನು ಈ ರೋಗದಲ್ಲಿ ಬೇರಾವ ಔಷಧವೂ ಉಳಿಸಿರಲಾರದು. 1998ರಲ್ಲಿ ಟ್ರಾಸ್ಟುಜುಮಾಬ್ ಬಂದಿತು. ಅರ್ಬುದದ ಕೋಶಗಳ ಮೇಲೆ ಒಂದು ವಿಶೇಷ ಪ್ರೋಟೀನು ಹೆಚ್ಚಾಗಿರುವ ಸ್ತ್ರೀಯರಿಗೆ ಮಾತ್ರ ಅದು ಉಪಯುಕ್ತ.

ಇಷ್ಟೆಲ್ಲವನ್ನೂ ಒಟ್ಟುಗೂಡಿಸಿ ನೋಡಿದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಕತ್ತಿಯ ಕೆಲಸ ಕುಗ್ಗಿದಂತೆಲ್ಲ ವೈದ್ಯರ ಕೆಲಸ ಹಿಗ್ಗಿತು. ಹಾಲ್‌ಸ್ಟೆಡನು ಒಂದು ದಿನದಲ್ಲಿ ಮುಗಿಸಿದುದಕ್ಕೆ ಈಗ ವರ್ಷಗಳು ಬೇಕು. ಸ್ತನವನ್ನು ಉಳಿಸಿದರೆ ಕಿರಣಚಿಕಿತ್ಸೆ ಬೇಕು. ಹಿಂದೆ ಅದಕ್ಕೆ ಐದು ವಾರಗಳಲ್ಲಿ 25 ಸರದಿಗಳು. ಕೀಮೋ ಕೊಡಬೇಕಾದರೆ ಪ್ರತಿ ಸಲವೂ ರಕ್ತಪರೀಕ್ಷೆ, ಪ್ರತಿ ಸಲವೂ ವೈದ್ಯರ ಅಪ್ಪಣೆ. ಟ್ರಾಸ್ಟುಜುಮಾಬಿಗೆ ಹೃದಯವನ್ನು ಆಗಾಗ ಪರೀಕ್ಷಿಸಬೇಕು. ಹಿಂದೆ ರೋಗನಿದಾನದ ವೈದ್ಯನು ಹೌದು ಅಥವಾ ಅಲ್ಲ ಎಂದರೆ ಸಾಕಾಗಿತ್ತು. ಈಗ ಯಾವ ಬಗೆಯದು, ಯಾವ ಔಷಧಕ್ಕೆ ಮಣಿಯುವುದು ಎಂದು ಹೇಳಬೇಕು. 1995ರಲ್ಲಿ ಬ್ರಿಟನ್ನಿನಲ್ಲಿ ಕಾಲ್ಮನ್ ಮತ್ತು ಹೈನ್ ಎಂಬವರ ವರದಿಯು ಅರ್ಬುದದ ಚಿಕಿತ್ಸೆಯನ್ನು ಒಬ್ಬರೇ ನಿಶ್ಚಯಿಸಬಾರದು, ಶಸ್ತ್ರವೈದ್ಯರೂ ಕಿರಣವೈದ್ಯರೂ ನಿದಾನವೈದ್ಯರೂ ದಾದಿಯರೂ ಕೂಡಿ ಕುಳಿತು ನಿಶ್ಚಯಿಸಬೇಕೆಂಬ ಪದ್ಧತಿಗೆ ಬಲ ಕೊಟ್ಟಿತು. ಪದ್ಧತಿಯು ಒಳ್ಳೆಯದೇ, ಆದರೆ ಕೂಡಿ ಕುಳಿತ ಹೊತ್ತಿನಲ್ಲಿ ಹೊರಗೆ ರೋಗಿಗಳು ಕಾಯುತ್ತಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕಾರಣವು ಯಶಸ್ಸೇ. ಸತ್ತವರು ಆಸ್ಪತ್ರೆಗೆ ಮರಳಿ ಬರುವುದಿಲ್ಲ, ಬದುಕಿದವರು ಬರುತ್ತಾರೆ. ರೋಗವು ಎಲುಬಿಗೋ ಶ್ವಾಸಕೋಶಕ್ಕೋ ಹರಡಿದವರು ಹಿಂದೆ ಬೇಗನೆ ತೀರಿಹೋಗುತ್ತಿದ್ದರು. ಈಗ ಒಂದು ಔಷಧದಿಂದ ಇನ್ನೊಂದಕ್ಕೆ ದಾಟುತ್ತ ಹಲವು ವರ್ಷ ಬದುಕುವವರಿದ್ದಾರೆ. ಅವರ ಒಂದೊಂದು ದಾಟೂ ವೈದ್ಯರ ಒಂದು ಅಪರಾಹ್ಣ.

ಕಿರಣಚಿಕಿತ್ಸೆಯ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. 25 ಸರದಿಗಳಿಗೆ ಬದಲು 15 ಸಾಕೆಂದು ಬ್ರಿಟನ್ನಿನ ಪರೀಕ್ಷೆಗಳು 2008ರಲ್ಲಿ ತೋರಿಸಿದವು. ಆಮೇಲೆ ಆ ದೇಶದ 97 ಆಸ್ಪತ್ರೆಗಳಲ್ಲಿ 4,096 ರೋಗಿಗಳಲ್ಲಿ ನಡೆದ ‘ಫಾಸ್ಟ್ ಫಾರ್ವರ್ಡ್’ ಪರೀಕ್ಷೆಯು ಐದೇ ಸರದಿಗಳನ್ನು ಒಂದೇ ವಾರದಲ್ಲಿ ಕೊಟ್ಟರೂ ಐದು ವರ್ಷಗಳ ಫಲವು ಕಡಿಮೆಯಲ್ಲವೆಂದು 2020ರ ಏಪ್ರಿಲಿನಲ್ಲಿ ಪ್ರಕಟಿಸಿತು. ಕೊರೋನಾ ಹರಡಿದ್ದ ಆ ದಿನಗಳಲ್ಲಿ ಅನೇಕ ಆಸ್ಪತ್ರೆಗಳು ಇದನ್ನು ಬೇಗನೆ ಅಂಗೀಕರಿಸಿದವು. ಹತ್ತು ಜನರಿಗೆ 25ರಂತೆ ಕೊಡುತ್ತಿದ್ದ 250 ಸರದಿಗಳಲ್ಲಿ ಈಗ ಐವತ್ತು ಜನರಿಗೆ ಚಿಕಿತ್ಸೆಯಾಗುವುದು. ಯಂತ್ರದ ಮುಂದಿನ ಸಾಲು ಕರಗಿತು. ಆದರೆ ಪ್ರತಿಯೊಬ್ಬಳಿಗೂ ಮೊದಲು ಎದೆಯ ಚಿತ್ರಗಳನ್ನು ಪದರಪದರವಾಗಿ ತೆಗೆದು, ಕಿರಣವು ಎಲ್ಲಿ ಬೀಳಬೇಕು, ಹೃದಯವನ್ನೂ ಶ್ವಾಸಕೋಶವನ್ನೂ ಹೇಗೆ ತಪ್ಪಿಸಬೇಕೆಂದು ಗೆರೆಯೆಳೆದು ಲೆಕ್ಕ ಮಾಡಬೇಕಷ್ಟೆ. ಆ ಕೆಲಸವು 25 ಸರದಿಗೂ ಒಂದೇ, ಐದಕ್ಕೂ ಒಂದೇ. ಅಂದರೆ ಯಂತ್ರಕ್ಕೆ ದೊರೆತ ಬಿಡುವು ವೈದ್ಯರ ಮೇಜಿನ ಮೇಲೆ ಐದು ಪಾಲು ಕೆಲಸವಾಗಿ ಬಂದು ಬೀಳಬಹುದು.

ಇದನ್ನು ನಾನು ಪುಸ್ತಕದಿಂದ ಮಾತ್ರ ಅರಿತವನಲ್ಲ. ನಮ್ಮ ಅಕ್ಕನವರಿಗೆ ಈ ರೋಗವು ಬಂದಾಗ, ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಅವರನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ಬೆಳಗಿನ ಬಸ್ಸಿಗೆ ಹೊರಟು, ಚೀಟಿ ಬರೆಸಿ, ಹಜಾರದಲ್ಲಿ ಕುಳಿತರೆ ಸರದಿ ಬರುವ ಹೊತ್ತಿಗೆ ಮೂರು ಗಂಟೆ. ಅಕ್ಕನವರು ಒಂದು ಪ್ರಶ್ನೆಯನ್ನು ವಾರದಿಂದ ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದರು: ಈ ಕೈಯಿಂದ ಮೊಮ್ಮಗುವನ್ನು ಎತ್ತಿಕೊಳ್ಳಬಹುದೆ? ಒಳಗೆ ಹೋದರು; ವೈದ್ಯೆಯ ಮುಖವನ್ನು ನೋಡಿದರು; ಕೇಳದೆಯೇ ಹೊರಬಂದರು. ‘ಆಯಮ್ಮ ಬೆಳಗಿನಿಂದ ಊಟ ಮಾಡಿಲ್ಲ ಕಣೋ, ಡಬ್ಬಿ ಹಾಗೇ ಇತ್ತು’ ಎಂದರು. ನನಗೆ ಸಿಟ್ಟು ಬಂದಿತು. ಯಾರ ಮೇಲೆಂದು ತಿಳಿಯಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಮುಂದಿನ ತಿಂಗಳು ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಕೊಟ್ಟಳು. ಅಷ್ಟರವರೆಗೆ ಅಕ್ಕನವರು ಮಗುವನ್ನು ಎತ್ತಿರಲಿಲ್ಲ.

ನಮ್ಮ ದೇಶದಲ್ಲಿ ಅರ್ಬುದಕ್ಕೆಂದೇ ಮೀಸಲಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ತೆರೆಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಬಂದಿತು. ರೋಗಿಗಳನ್ನು ಎಣಿಸಿ ಬರೆದಿಡುವ ಕೆಲಸವು ಬೆಂಗಳೂರು, ಮದರಾಸುಗಳಲ್ಲಿ 1982ರಲ್ಲಿ ಆರಂಭವಾಯಿತು. ಆಗ ನಮ್ಮ ಸ್ತ್ರೀಯರಲ್ಲಿ ಗರ್ಭಕೋಶದ ಕಂಠದ ಅರ್ಬುದವು ಮುಂದಾಗಿತ್ತು. ಈಗ ಸ್ತನದ್ದು ಮುಂದಾಗಿದೆ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1,92,000 ಮಂದಿಗೆ ಹೊಸದಾಗಿ ಈ ರೋಗ; ಸಾಯುವವರು 98,000. ಇವರಲ್ಲಿ ಬಹುಮಂದಿ ಗಡ್ಡೆಯು ದೊಡ್ಡದಾದ ಮೇಲೆಯೇ ಬರುತ್ತಾರೆ. ತಡವಾಗಿ ಬಂದವರಿಗೆ ಬೇಕಾಗುವುದು ಹೆಚ್ಚಿನ ಕೀಮೋ, ಹೆಚ್ಚಿನ ಕಿರಣ, ವೈದ್ಯರ ಹೆಚ್ಚಿನ ವೇಳೆ. ಇರುವ ವೇಳೆ ಮಾತ್ರ ಅಷ್ಟೇ.

ಆದುದರಿಂದ ಮುಂಬಯಿಯಲ್ಲಿ 1998ರಲ್ಲಿ ಆರಂಭವಾದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳುವುದು ಉಚಿತ. ಟಾಟಾ ಆಸ್ಪತ್ರೆಯ ಇಂದ್ರನೀಲ್ ಮಿತ್ರ ಮತ್ತು ಅವರ ಸಂಗಡಿಗರು ನಗರದ ಬಡಜನರ ವಸತಿಗಳಿಂದ 1,51,538 ಸ್ತ್ರೀಯರನ್ನು ಆರಿಸಿ, ಅರ್ಧ ವಸತಿಗಳಲ್ಲಿ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಬಾರಿ ಸ್ತನವನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವ ಏರ್ಪಾಡು ಮಾಡಿದರು. ಎಕ್ಸ್‌ರೇ ಯಂತ್ರವಿರಲಿಲ್ಲ, ಪರೀಕ್ಷಿಸಿದವರು ವೈದ್ಯರೂ ಅಲ್ಲ, ತರಬೇತು ಪಡೆದ ಆರೋಗ್ಯ ಕಾರ್ಯಕರ್ತೆಯರು. ಇಪ್ಪತ್ತು ವರ್ಷಗಳ ಫಲವು 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಗೊಳಗಾದ ವಸತಿಗಳಲ್ಲಿ ರೋಗವು ಇನ್ನೂ ಮುಂದುವರಿಯುವ ಮೊದಲೇ ಪತ್ತೆಯಾಯಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವು ತಗ್ಗಿದುದು ನೂರಕ್ಕೆ 15. ಇದು ಆಕಸ್ಮಿಕವೂ ಆಗಿರಬಹುದೆಂದು ಅವರೇ ಒಪ್ಪಿಕೊಂಡರು. ಐವತ್ತು ವರ್ಷ ಮೀರಿದವರಲ್ಲಿ ಸುಮಾರು ನೂರಕ್ಕೆ 30 ತಗ್ಗಿತ್ತು, ಅದು ಆಕಸ್ಮಿಕವೆನ್ನುವಂತಿರಲಿಲ್ಲ. ಈ ಕಾರ್ಯಕರ್ತೆಯರು ಗಂಟು ಕಂಡವರನ್ನು ಮಾತ್ರ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ಉಳಿದವರೊಡನೆ ಅವರ ಮನೆಯ ಹತ್ತಿರವೇ ಕುಳಿತು, ಗಂಡಸರಿಲ್ಲದ ಕಡೆ, ಈ ರೋಗದ ಹೆಸರನ್ನು ಹೇಳಿ ಮಾತನಾಡುತ್ತಿದ್ದರು.